ಮೊದಲ ಟ್ರೋಪೋನಿನ್ ನೆಗೆಟಿವ್ ಬಂದರೆ ನಿಶ್ಚಿಂತೆಯೆ?

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರೊಬ್ಬರು. ವಯಸ್ಸು 52, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ದಿನ ಬೆಳಗಿನ ಐದಕ್ಕೆ ಎದೆಯ ನಡುವೆ ಭಾರ, ಮೈಯೆಲ್ಲ ಬೆವರು. ಹಿಂದಿನ ಸಂಜೆ ಒಗ್ಗರಣೆ-ಮಿರ್ಚಿ ತಿಂದಿದ್ದರಿಂದ ಗ್ಯಾಸ್ ಇರಬೇಕೆಂದು ಸೋಡಾ ಕುಡಿದರು. ಕಡಿಮೆಯಾಗಲಿಲ್ಲ. ಆರೂಕಾಲಿಗೆ ಮಗ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿದ. ಟ್ರೋಪೋನಿನ್ ನೆಗೆಟಿವ್. ಎಲ್ಲರೂ ಸಮಾಧಾನದಿಂದ ಮನೆಗೆ ಹೋದರು.

ಹನ್ನೊಂದು ಗಂಟೆಗೆ ಅದೇ ರಿಪೋರ್ಟ್ ಹಿಡಿದು ಬಳ್ಳಾರಿಗೆ ಬಂದರು. 'ಹಾರ್ಟಿಗೆ ಏನೂ ಇಲ್ಲ ಅಂತ ಬಂದೈತಲ್ರಿ ಸಾರ್' ಎಂದ ಮಗ. ಇ.ಸಿ.ಜಿ. ತೆಗೆದರೆ ಹೃದಯಾಘಾತ ಸ್ಪಷ್ಟವಾಗಿತ್ತು. ಎರಡನೆಯ ರಕ್ತಪರೀಕ್ಷೆಯೂ ಪಾಸಿಟಿವ್. ಚಿಕಿತ್ಸೆಯಿಂದ ಅವರು ಬದುಕಿದರು. ಆದರೆ ಹೃದಯದ ಪಂಪು ಮಾಡುವ ಶಕ್ತಿ ಮೊದಲಿನಂತಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು.

ಬೆಳಗಿನ ರಿಪೋರ್ಟ್ ಸುಳ್ಳಾಗಿತ್ತೆ? ಇಲ್ಲ. ಪರೀಕ್ಷೆ ಮಾಡಿಸಿದ ಹೊತ್ತು ತೀರ ಬೇಗನೆಯದಾಗಿತ್ತು.

ಟ್ರೋಪೋನಿನ್ ಎಂಬುದು ಸ್ನಾಯುಗಳು ಕುಗ್ಗಿ ಹಿಗ್ಗಲು ಬೇಕಾದ ಒಂದು ಪ್ರೋಟೀನು. ಇದರ 'ಐ' ಮತ್ತು 'ಟಿ' ಎಂಬ ಬಗೆಗಳಲ್ಲಿ ಹೃದಯಕ್ಕೇ ವಿಶಿಷ್ಟವಾದ ರೂಪಗಳಿವೆ. ಹೃದಯದ ರಕ್ತನಾಳ ಕಟ್ಟಿ ಸ್ನಾಯು ಸಾಯತೊಡಗಿದಾಗ ಅವು ರಕ್ತಕ್ಕೆ ಸೋರುತ್ತವೆ. ಹಿಂದೆ ಎಸ್.ಜಿ.ಓ.ಟಿ., ಸಿ.ಕೆ.-ಎಂ.ಬಿ. ಪರೀಕ್ಷೆಗಳನ್ನು ನೆಚ್ಚಿಕೊಳ್ಳಬೇಕಿತ್ತು, ಕೈಕಾಲಿನ ಸ್ನಾಯುವಿಗೆ ಪೆಟ್ಟಾದರೂ ಅವು ಏರಬಹುದು. 1989ರಲ್ಲಿ ಜರ್ಮನಿಯ ಹ್ಯೂಗೋ ಕಾಟುಸ್ ಮತ್ತು ಸಂಗಡಿಗರು ಟ್ರೋಪೋನಿನ್-ಟಿ ಅಳೆಯುವ ವಿಧಾನವನ್ನು ಪ್ರಕಟಿಸಿದರು. 2000ದಲ್ಲಿ ಯುರೋಪು ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಹೃದಯಾಘಾತದ ವ್ಯಾಖ್ಯೆಯಲ್ಲೇ ಇದಕ್ಕೆ ಮುಖ್ಯ ಸ್ಥಾನ ಕೊಟ್ಟವು.

ಆದರೆ ಸೋರಿಕೆ ಕಾಣಿಸಿಕೊಳ್ಳಲು ಸಮಯ ಬೇಕು. ಹನಿ ರಕ್ತ ಹಾಕಿ ಹದಿನೈದು ಇಪ್ಪತ್ತು ನಿಮಿಷ ಕಾಯುವ ಸಾಮಾನ್ಯ ಕಾರ್ಡ್ ಪರೀಕ್ಷೆಯಲ್ಲಿ ನೋವು ಶುರುವಾಗಿ ಮೂರರಿಂದ ಆರು ಗಂಟೆಯಾದ ಮೇಲೆ ಪಾಸಿಟಿವ್ ಬರುವುದು ರೂಢಿ. ಅನಂತರ ಏರುತ್ತ, ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ತುದಿ ಮುಟ್ಟಿ, ವಾರ ಹತ್ತು ದಿನ ರಕ್ತದಲ್ಲಿ ಉಳಿಯುತ್ತದೆ. ನಮ್ಮ ಲೆಕ್ಕದವರಿಗೆ ಪರೀಕ್ಷೆಯಾದದ್ದು ನೋವು ಬಂದ ಒಂದೂಕಾಲು ಗಂಟೆಗೆ! ಮೊದಲ ಕಾರ್ಡ್ ನೆಗೆಟಿವ್ ಬಂದರೂ ನೋವು ಶುರುವಾದ ಆರು ಗಂಟೆಯ ನಂತರ ಮತ್ತೊಮ್ಮೆ ನೋಡಲೇಬೇಕು. ಅತಿಸೂಕ್ಷ್ಮ ಟ್ರೋಪೋನಿನ್ ಯಂತ್ರವಿರುವ ಕಡೆ ಒಂದರಿಂದ ಮೂರು ಗಂಟೆಯ ಅಂತರದಲ್ಲೇ ಎರಡನೆಯದನ್ನು ಮಾಡುತ್ತಾರೆ. ಆ ತನಕ ರೋಗಿ ಆಸ್ಪತ್ರೆಯಲ್ಲೇ ಇರಬೇಕು, ಮನೆಯಲ್ಲಲ್ಲ.

ಇದಕ್ಕಿಂತ ದೊಡ್ಡ ತಪ್ಪು, ಇ.ಸಿ.ಜಿ. ಬಿಟ್ಟು ಲ್ಯಾಬಿಗೆ ಓಡುವುದು. ಎದೆನೋವಿನವರಿಗೆ ಆಸ್ಪತ್ರೆ ಸೇರಿದ ಹತ್ತು ನಿಮಿಷದಲ್ಲಿ ಇ.ಸಿ.ಜಿ. ಆಗಬೇಕು. ಅದರಲ್ಲಿ ನಾಳ ಪೂರ್ತಿ ಕಟ್ಟಿದ ಲಕ್ಷಣ ಕಂಡರೆ ರಕ್ತದ ರಿಪೋರ್ಟಿಗೆ ಯಾರೂ ಕಾಯುವುದಿಲ್ಲ, ಕಾಯಲೂಬಾರದು. ಇ.ಸಿ.ಜಿ. ಸರಿಯಿದ್ದೂ ಅನುಮಾನ ಉಳಿದಾಗಲೇ ಟ್ರೋಪೋನಿನ್ನಿನ ನಿಜವಾದ ಉಪಯೋಗ. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಬೆವರು, ಉಬ್ಬಸ, ಸುಸ್ತು ಕಾಣಬಹುದು; ಅವರಿಗೂ ಇದೇ ಕ್ರಮ.

ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿಲೋಮೀಟರ್. ಸುಗ್ಗಿಯಲ್ಲಿ ಭತ್ತದ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಒಂದು ಗಂಟೆಗೂ ಮೇಲೆ. ಕುರುಗೋಡಿನವರಿಗೆ ದಾರಿ ಅದರ ಅರ್ಧದಷ್ಟೇ, ಆದರೂ ಬೈಕಿನ ನಡುವೆ ರೋಗಿಯನ್ನು ಕೂರಿಸಿಕೊಂಡು ಬರುವವರನ್ನು ಇಂದಿಗೂ ನೋಡುತ್ತೇನೆ. 108ಕ್ಕೆ ಕರೆ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಸಿ ಹೊರಡುವುದು ಲೇಸು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹಠಾತ್ತನೆ ತೀರಿಕೊಂಡರಷ್ಟೆ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಂತೆ, ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆ ಇದಕ್ಕೆ ಸೇರಿದೆ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಡಿ.

2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹರಡಿ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದರು. ಆಗ ನೋವಿಲ್ಲದವರೂ ನನ್ನಲ್ಲಿಗೆ ಬಂದು 'ಟ್ರೋಪೋನಿನ್ ಮಾಡಿಸ್ರಿ' ಎನ್ನುತ್ತಿದ್ದರು. ಮುಂದೆ ಹೃದಯಾಘಾತವಾಗುತ್ತದೆಯೇ ಎಂದು ಈ ಪರೀಕ್ಷೆ ಹೇಳದು. ಅದಕ್ಕೆ ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ನೋಡಬೇಕು, ಬೀಡಿ-ಗುಟ್ಕಾ ಬಿಡಬೇಕು. ಅಲ್ಲದೆ ಮೂತ್ರಪಿಂಡ ಸೋತವರಲ್ಲಿ, ತೀವ್ರ ಸೋಂಕಿನಲ್ಲಿ, ಶ್ವಾಸಕೋಶದ ನಾಳದಲ್ಲಿ ಹೆಪ್ಪುಗಟ್ಟಿದಾಗ ಕೂಡ ಟ್ರೋಪೋನಿನ್ ಏರಿರುತ್ತದೆ. ಆದ್ದರಿಂದಲೇ ಒಂದು ಅಂಕಿಗಿಂತ, ಎರಡು ಪರೀಕ್ಷೆಗಳ ನಡುವೆ ಅದು ಏರಿತೋ ಇಳಿಯಿತೋ ಎಂಬುದನ್ನು ವೈದ್ಯರು ಗಮನಿಸುತ್ತಾರೆ.

ಎರಡು ಲ್ಯಾಬಿನ ರಿಪೋರ್ಟುಗಳನ್ನು ಮನೆಯಲ್ಲೇ ಹೋಲಿಸಿ ಗಾಬರಿಯಾಗಬೇಡಿ. ಮಿಲಿಲೀಟರಿಗೆ 0.014 ನ್ಯಾನೋಗ್ರಾಂ ಎಂದರೂ ಲೀಟರಿಗೆ 14 ನ್ಯಾನೋಗ್ರಾಂ ಎಂದರೂ ಒಂದೇ. ಒಂದು ಕಂಪನಿಯ ಯಂತ್ರದ ಮಿತಿ ಇನ್ನೊಂದಕ್ಕೆ ಅನ್ವಯಿಸುವುದೂ ಇಲ್ಲ. ರಿಪೋರ್ಟಿನ ಮೇಲೆ ನೀವೇ ಬರೆಯಬೇಕಾದ್ದು ಒಂದಿದೆ: ನೋವು ಶುರುವಾದ ಗಂಟೆ, ರಕ್ತ ಕೊಟ್ಟ ಗಂಟೆ. ಡಾಕ್ಟರರು ಮೊದಲು ಕೇಳುವುದೇ ಅದನ್ನು.