ಮುಚ್ಚದ ತೂಬು

ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿರುವ ಅಣೆಕಟ್ಟಿಗೆ 33 ಕ್ರಸ್ಟ್ ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ ಅವುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ರೈತರು ಬೆಳೆಗೆಂದು ನೆಚ್ಚಿದ್ದ ನೀರು ತಡೆಯಿಲ್ಲದೆ ನದಿಗೆ ಹರಿಯಿತು. ಮನುಷ್ಯನ ರಕ್ತದಲ್ಲಿಯೂ ಇಂತಹುದೇ ಅನಾಹುತ ಸಂಭವಿಸಬಹುದು.

ಎಲುಬಿನೊಳಗಿನ ಮಜ್ಜೆಯಲ್ಲಿ ರಕ್ತಕಣಗಳು ದಿನವೂ ಹುಟ್ಟುತ್ತವೆ. ಎಷ್ಟು ಹುಟ್ಟಬೇಕೆಂಬ ಸಂದೇಶವನ್ನು ಜೀವಕೋಶದೊಳಗೆ ಸಾಗಿಸುವ ಕಿಣ್ವಗಳಲ್ಲಿ ಟೈರೋಸಿನ್ ಕೈನೇಸುಗಳು ಮುಖ್ಯವಾದವು. ಇವು ಪ್ರೋಟೀನಿನಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟನ್ನು ಜೋಡಿಸುತ್ತವೆ. ಜೋಡಿಸಿದೊಡನೆ ಸಂದೇಶ ಮುಂದುವರಿಯುತ್ತದೆ. ಕಾರ್ಯ ಮುಗಿದ ಮೇಲೆ ಕಿಣ್ವ ಸುಮ್ಮನಾಗುತ್ತದೆ.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬ ವಿಜ್ಞಾನಿಗಳು ಒಂದು ಬಗೆಯ ರಕ್ತ ಕ್ಯಾನ್ಸರಿನ ರೋಗಿಗಳಲ್ಲಿ ಗಿಡ್ಡನೆಯ ವರ್ಣತಂತುವೊಂದನ್ನು ಕಂಡರು. ಅದರ ಗುಟ್ಟನ್ನು 1973ರಲ್ಲಿ ಬಿಡಿಸಿದವರು ಜಾನೆಟ್ ರೌಲಿ. 9 ಮತ್ತು 22ನೆಯ ವರ್ಣತಂತುಗಳು ತುಂಡಾಗಿ ತಮ್ಮ ತುಣುಕುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಈ ಬೆಸುಗೆಯಿಂದ ಹುಟ್ಟುವ ಕೈನೇಸಿಗೆ ಸುಮ್ಮನಾಗುವುದೇ ತಿಳಿಯದೆಂಬುದು ಮುಂದೆ ಸ್ಪಷ್ಟವಾಯಿತು. ಬಿಳಿಯ ಕಣಗಳು ಮಿತಿಮೀರಿ ಹೆಚ್ಚುತ್ತವೆ, ಗುಲ್ಮ ಊದಿಕೊಳ್ಳುತ್ತದೆ, ದೇಹ ಸೊರಗುತ್ತದೆ. ಇದು ಅಂಟುರೋಗವಲ್ಲ, ತಂದೆತಾಯಿಗಳಿಂದ ಬಂದದ್ದೂ ಅಲ್ಲ.

ಹೊಸಪೇಟೆಯಲ್ಲಿ, ನೀರು ಹರಿಯುತ್ತಿರುವಾಗಲೇ, ಒಂದು ವಾರದಲ್ಲಿ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಹರಿವನ್ನು ತಡೆದರು. 2001ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಇಮಾಟಿನಿಬ್ ಎಂಬ ಔಷಧದ ಕೆಲಸವೂ ಅಂತಹುದೇ. ಆ ಕೈನೇಸು ಫಾಸ್ಫೇಟನ್ನು ಪಡೆಯುವ ಪೊಟರೆಯಲ್ಲಿ ಅದು ಸೇರಿಕೊಂಡು ದಾರಿಯನ್ನು ಮುಚ್ಚುತ್ತದೆ. ಮಜ್ಜೆಯನ್ನೇ ಬದಲಿಸಬೇಕಾಗಿದ್ದ ಅನೇಕರು ದಿನವೂ ಮಾತ್ರೆ ನುಂಗಿ ಬಾಳುವಂತಾದರು. ಆದರೆ ಮೂಲ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಮಿಗಿಲಾದ ಬೆಲೆಯಿತ್ತು; ಸಂಡೂರಿನ ಗಣಿಯಲ್ಲಿ ದುಡಿಯುವವನಿಗೆ ಅದು ಎಟುಕುತ್ತಿದ್ದುದೆಲ್ಲಿ? ಭಾರತದ ಕಂಪನಿಗಳು ಅದನ್ನೇ ಬಹಳ ಅಗ್ಗವಾಗಿ ತಯಾರಿಸಿದವು. ಮೂಲ ಕಂಪನಿ ಕೋರಿದ ಪೇಟೆಂಟನ್ನು ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ನಿರಾಕರಿಸಿತು. ಬಡ ರೋಗಿಗಳ ಪಾಲಿಗೆ ಈ ತೀರ್ಪು ಔಷಧದಷ್ಟೇ ದೊಡ್ಡದು.

ತೂಬು ತೆರೆಯದಿದ್ದರೂ ಕೇಡೇ. 1952ರಲ್ಲಿ ಬ್ರೂಟನ್ ಎಂಬ ವೈದ್ಯರು ಮೇಲಿಂದ ಮೇಲೆ ಸೋಂಕಿಗೆ ತುತ್ತಾಗುತ್ತಿದ್ದ ಎಂಟು ವರ್ಷದ ಬಾಲಕನ ರಕ್ತವನ್ನು ಪರೀಕ್ಷಿಸಿದರು. ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಅದರಲ್ಲಿ ಇರಲಿಲ್ಲ. ಕಾರಣ ತಿಳಿದದ್ದು 1993ರಲ್ಲಿ: ಇಂತಹ ಬಾಲಕರಲ್ಲಿ ಒಂದು ಟೈರೋಸಿನ್ ಕೈನೇಸು ಕೆಟ್ಟಿರುತ್ತದೆ, ಪ್ರತಿಕಾಯಗಳನ್ನು ತಯಾರಿಸಬೇಕಾದ ಕಣಗಳು ಬಲಿಯುವುದೇ ಇಲ್ಲ. ಆ ಕಿಣ್ವಕ್ಕೆ ಬ್ರೂಟನ್ನರ ಹೆಸರೇ ನಿಂತಿದೆ. ವಿಚಿತ್ರವೆಂದರೆ, ಅದೇ ಕಿಣ್ವವನ್ನು ಬೇಕೆಂದೇ ತಡೆಯುವ ಔಷಧವನ್ನು ವೃದ್ಧರಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ರಕ್ತ ಕ್ಯಾನ್ಸರಿಗೆ ಕೊಡುತ್ತಾರೆ. ಬಾಲಕರಿಗಾದರೋ, ಅನ್ಯರ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು ಜೀವಮಾನವಿಡೀ ಕೊಡುತ್ತಿರಬೇಕು.