ಗುಲಗಂಜಿಯಷ್ಟು ಮದ್ದು

ಮಂಡಿಪೇಟೆಯ ಧಾನ್ಯದಂಗಡಿಯೊಂದರಲ್ಲಿ ನಮ್ಮ ತಂದೆಯವರಿಗೆ ತೂಕದ ಕೆಲಸ. ಈಗ ವಿದ್ಯುತ್ ತಕ್ಕಡಿ ಬಂದಿದೆಯಾದರೂ ಅಂಕಿ ಅಲುಗದೆ ನಿಲ್ಲುವ ತನಕ ಅವರು ಚೀಲವನ್ನು ಇಳಿಸಗೊಡುವುದಿಲ್ಲ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮದ್ದುಗುಂಡಿನ ವಿಚಾರ ಬರೆಯಹೊರಟುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಅದಕ್ಕೊಂದು ಕಾರಣವುಂಟು.

ಹಳ್ಳಿಯಲ್ಲಿರುವ ನಮ್ಮ ಸೋದರಮಾವನಿಗೆ ಮೆಕ್ಕೆಜೋಳದ ಹೊಲವಿದೆ. ಕಾಡುಹಂದಿಯ ಕಾಟಕ್ಕಾಗಿ ಪರವಾನಗಿ ಪಡೆದ ಒಂದು ನಾಡಕೋವಿಯೂ ಇತ್ತು. ಒಂದು ರಾತ್ರಿ ಹೊಡೆದ ಗುಂಡು ಗುರಿ ತಪ್ಪಿತು. ‘ಮದ್ದು ಸಾಲದಾಯಿತು’ ಎಂದುಕೊಂಡು ಮರುರಾತ್ರಿ ಎರಡು ಅಳತೆ ತುಂಬಿದ. ಹಂದಿ ಓಡಿಹೋಯಿತು, ಕೋವಿಯ ನಳಿಗೆ ಸೀಳಿತು, ಮಾವನ ಎಡಗೈಯ ಎರಡು ಬೆರಳುಗಳು ಹೋದವು. ಮದ್ದು ಇಮ್ಮಡಿಯಾದರೂ ಗುರಿ ಏಕೆ ಸಿಗಲಿಲ್ಲ? ಈ ಪ್ರಶ್ನೆಯೇ ನನ್ನನ್ನು ಗ್ರಂಥಾಲಯಕ್ಕೆ ಕಳುಹಿಸಿತು.

ಮದ್ದು ನಮ್ಮ ಸೀಮೆಗೆ ಹೊಸತಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಅರೆಯುತ್ತಿದ್ದರೆಂದು ತೋರಿಸುವ ಭಾರಿ ಬೀಸುವ ಕಲ್ಲುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಮದ್ದನ್ನು ಅರೆಯುವುದು ಬೇರೆ, ಅದರ ಬಲವನ್ನು ಅಳೆಯುವುದು ಬೇರೆ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞನು ತೂಗಾಡುವ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ತೂಗಿದ ದೂರದಿಂದ ಗುಂಡಿನ ವೇಗವನ್ನು ಲೆಕ್ಕ ಹಾಕುವ ವಿಧಾನವನ್ನು 1742ರಲ್ಲಿ ಪ್ರಕಟಿಸಿದನು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. ಅದು ಕರಿಮದ್ದಿಗಿಂತ ಬಹಳ ಬಲವಾದುದು. ಆದುದರಿಂದ ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸುವುದು ಅಪಾಯವನ್ನು ಕೈಬೀಸಿ ಕರೆದಂತೆ.

ರೈಫಲ್ಲಿನ ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಕುದುರೆ ಎಳೆದೊಡನೆ ಮದ್ದು ಉರಿದು ಅನಿಲವಾಗುತ್ತದೆ. ಎರಡು ಮಹಾಯುದ್ಧಗಳಲ್ಲಿ ಭಾರತದ ಸೈನಿಕರು ಹಿಡಿದಿದ್ದ 0.303 ರೈಫಲ್ಲಿನಲ್ಲಿ ಆ ಅನಿಲದ ಒತ್ತಡವು ಚದರ ಅಂಗುಲಕ್ಕೆ ಸುಮಾರು 19 ಟನ್ನು. ನಮ್ಮ ಪೇಟೆಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಚದರ ಅಂಗುಲದ ಜಾಗದ ಮೇಲೆ ಕ್ವಿಂಟಲ್ ತೂಕದ 190 ಚೀಲಗಳನ್ನು ಪೇರಿಸಿದಂತೆ!

ಇನ್ನೊಂದು ಮಾತು ಗಮನಿಸತಕ್ಕದ್ದು. ಒತ್ತಡ ಏರಿದಷ್ಟೂ ಮದ್ದು ಬೇಗ ಉರಿಯುತ್ತದೆ. ಬೇಗ ಉರಿದಷ್ಟೂ ಒತ್ತಡ ಮತ್ತೆ ಏರುತ್ತದೆ. ಆದುದರಿಂದ ಮಿತಿಯ ಹತ್ತಿರ ಸ್ವಲ್ಪ ಮದ್ದು ಹೆಚ್ಚಿದರೆ ವೇಗ ಸ್ವಲ್ಪವೇ ಹೆಚ್ಚಿ ಒತ್ತಡ ಬಹಳ ಹೆಚ್ಚುತ್ತದೆ. ಗುಂಡನ್ನು ಕೊಳವೆಯೊಳಗೆ ಇನ್ನಷ್ಟು ಆಳಕ್ಕೆ ಒತ್ತಿದರೂ, ತೋಟಾ ನಮ್ಮೂರಿನ ಬೇಸಿಗೆಯಂತಹ ಬಿಸಿಲಿನಲ್ಲಿ ಕಾದರೂ ಒತ್ತಡ ಏರುವುದುಂಟು.

ಹಾಗಾದರೆ ಗುರಿ ಸಿಗುವುದು ಯಾವುದರಿಂದ? ಸಮತೆಯಿಂದ. ಪ್ರತಿಯೊಂದು ಗುಂಡೂ ಒಂದೇ ವೇಗದಲ್ಲಿ ಹೊರಟರೆ ಮಾತ್ರ ಅವೆಲ್ಲ ಒಂದೇ ಕಡೆ ಗುಂಪಾಗಿ ಬೀಳುತ್ತವೆ. ಗುಂಡು ಹೊರಡುವಾಗ ನಳಿಗೆಯು ಮೀಟಿದ ತಂಬೂರಿಯ ತಂತಿಯಂತೆ ಕಂಪಿಸುತ್ತದೆ. ಆ ಕಂಪನಕ್ಕೆ ಹೊಂದುವ ಅಳತೆಯು ಅನೇಕ ವೇಳೆ ಗರಿಷ್ಠ ಮಿತಿಗಿಂತ ಕೆಳಗೇ ಇರುತ್ತದೆ. ಕೊಡಗಿನ ಕೈಲ್‌ಪೊದ್ ಹಬ್ಬದಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯುಂಟು. ಅಲ್ಲಿ ಬಹುಮಾನ ಸದ್ದಿಗಲ್ಲ, ಕಾಯಿಗೆ ತಾಗಿದ ಗುಂಡಿಗೆ.

ಅಮೆರಿಕ ಮೊದಲಾದ ದೇಶಗಳಲ್ಲಿ ಗುರಿಕಾರರು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಅವರ ನಿಯಮಗಳು ಕಟ್ಟುನಿಟ್ಟಾದವು. ಮೇಜಿನ ಮೇಲೆ ಒಂದೇ ಬಗೆಯ ಮದ್ದಿರಬೇಕು. ಮುದ್ರಿತ ಕೋಷ್ಟಕದ ಗರಿಷ್ಠ ಅಳತೆಗಿಂತ ನೂರಕ್ಕೆ ಹತ್ತರಷ್ಟು ಕೆಳಗಿನಿಂದ ಆರಂಭಿಸಿ, ಸ್ವಲ್ಪಸ್ವಲ್ಪವಾಗಿ ಏರಬೇಕು. ಗುಂಡು ಕೂರಿಸುವ ಮುನ್ನ ಪ್ರತಿ ಕೊಳವೆಯೊಳಗೂ ದೀಪ ಹಿಡಿದು ನೋಡಬೇಕು. ಒಂದು ಖಾಲಿ ಉಳಿದಿರಬಾರದು, ಒಂದರಲ್ಲಿ ಎರಡು ಅಳತೆ ಬಿದ್ದಿರಬಾರದು. ಹಾರಿಸಿದ ಮೇಲೆ ಕೇಪು ಚಪ್ಪಟೆಯಾಗಿದ್ದರೆ, ಬೋಲ್ಟು ತೆರೆಯಲು ಬಿಗಿಯಾದರೆ ಅಲ್ಲಿಗೇ ನಿಲ್ಲಿಸಬೇಕು. ಅವರು ತೂಗುವುದು ಗ್ರೇನಿನ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನು. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿಯೆಂದರೆ ಹೆಚ್ಚು ಕಡಿಮೆ ಎರಡು ಗ್ರೇನು. ಮಿತಿಯಂಚಿನಲ್ಲಿರುವ ತೋಟಾಗೆ ಆ ಒಂದು ಗುಲಗಂಜಿ ಹೆಚ್ಚಾದರೂ ಕೇಡೇ.

ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದುದರಿಂದ ಈ ಲೇಖನವನ್ನು ತಿಳಿವಳಿಕೆಗಾಗಿ ಓದಬೇಕೇ ಹೊರತು ಪ್ರಯೋಗಕ್ಕಾಗಿ ಅಲ್ಲ.

ಇದನ್ನೆಲ್ಲ ಓದಿದ ಮೇಲೆ ಒಮ್ಮೆ ಮಾವನಿಗೆ ವಿವರಿಸಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, “ಇದನ್ನ ಆಗ ಯಾರಾದ್ರೂ ಹೇಳಿದ್ರೆ?” ಎಂದ. ಪಕ್ಕದಲ್ಲಿದ್ದ ತಂದೆಯವರು, “ತಕ್ಕಡಿ ಹೇಳ್ತಿತ್ತು. ಕೇಳೋ ತಾಳ್ಮೆ ಬೇಕಿತ್ತು” ಎಂದರು. ನಾನು ಪುಸ್ತಕಗಳಲ್ಲಿ ಹುಡುಕಿ ತಂದ ಉತ್ತರವು ಅವರ ಕೈಯಲ್ಲಿ ಮೊದಲೇ ಇತ್ತೆಂಬುದು ನನಗೆ ಅಂದು ತಿಳಿಯಿತು.