ವಿಮಾನದಲ್ಲಿ ಸೈಕಲ್ ಮುರಿದರೆ ಏಳೇ ದಿನ

ಹೊಸೂರು ರಸ್ತೆಯ ಪಕ್ಕದಲ್ಲಿ ವಕೀಲಿ ಕಚೇರಿ ಇಟ್ಟುಕೊಂಡವನಿಗೆ ಸೈಕಲ್ ಸವಾರರ ಕೇಸು ಹೊಸದಲ್ಲ. ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ ರಸ್ತೆ ಅದಕ್ಕೆ ಎಂದೂ ಕೊರತೆ ಮಾಡಿಲ್ಲ. ಈಚೆಗೆ ಮಾತ್ರ ಬೇರೆ ಬಗೆಯವರು ಬರತೊಡಗಿದ್ದಾರೆ. ಬೊಮ್ಮನಹಳ್ಳಿ, ಕೂಡ್ಲು, ಎಚ್‌ಎಸ್‌ಆರ್ ಕಡೆಯ ಐಟಿ ಹುಡುಗರು ನಸುಕಿನಲ್ಲಿ ನಂದಿಬೆಟ್ಟ ಹತ್ತಿ ಇಳಿದು ತೃಪ್ತರಾಗುತ್ತಿದ್ದ ಕಾಲ ಹೋಯಿತು. ಈಗ ಸೈಕಲ್ಲನ್ನೇ ಪೆಟ್ಟಿಗೆಯಲ್ಲಿ ಕಟ್ಟಿ ಯುರೋಪಿಗೆ ಹಾರುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯ ಮುಂದಿನ ಸರದಿ 2027ರ ಆಗಸ್ಟಿನಲ್ಲಿದೆ. 1,200 ಕಿಲೋಮೀಟರನ್ನು 90 ಗಂಟೆಯೊಳಗೆ ಮುಗಿಸಬೇಕಾದ ಅಲ್ಲಿಗೆ ಪೆಟ್ಟಿಗೆ ಎರಡು ದಿನ ತಡವಾಗಿ ತಲುಪಿದರೆ ವರ್ಷಗಟ್ಟಲೆಯ ತಯಾರಿ ನೀರುಪಾಲು.

ನನ್ನ ಬಳಿ ಬಂದ ಒಬ್ಬ ಕಕ್ಷಿದಾರನ ಕಥೆ ಕೇಳಿ. ಕೊಲ್ಲಿ ದೇಶವೊಂದರಲ್ಲಿ ವಿಮಾನ ಬದಲಿಸಿ ಯುರೋಪಿನಲ್ಲಿ ಇಳಿದ. ಸೈಕಲ್ ಪೆಟ್ಟಿಗೆ ಬರಲಿಲ್ಲ. ಬುದ್ಧಿವಂತ ಹುಡುಗ, ನಿಲ್ದಾಣ ಬಿಡುವ ಮುಂಚೆ ಲಗೇಜ್ ಕೌಂಟರಿಗೆ ಹೋಗಿ ದೂರು ಬರೆಸಿ ಚೀಟಿ ಪಡೆದ. ಪಿಐಆರ್ ಎನ್ನುತ್ತಾರಲ್ಲ, ಅದು. ಮೂರನೇ ದಿನ ಕೊರಿಯರ್‌ನವನು ಪೆಟ್ಟಿಗೆಯನ್ನು ಹೋಟೆಲಿಗೆ ತಂದುಹಾಕಿದ, ಇವನು ಸಹಿ ಹಾಕಿದ. ಬಿಚ್ಚಿ ನೋಡಿದರೆ ಕಾರ್ಬನ್ ಫ್ರೇಮಿನಲ್ಲಿ ಸೀಳು, ಹಿಂದಿನ ಗಾಲಿ ಸೊಟ್ಟ. ಬಾಡಿಗೆ ಸೈಕಲ್ ತೆಗೆದುಕೊಂಡು ಪ್ರವಾಸ ಮುಗಿಸಿ, ಊರಿಗೆ ಮರಳಿದ ಮೇಲೆ ಫೋಟೊ, ಬಿಲ್ಲುಗಳ ಸಮೇತ ಏರ್‌ಲೈನಿಗೆ ಇಮೇಲ್ ಮಾಡಿದ. ಎರಡು ಸಾಲಿನ ಉತ್ತರ ಬಂತು: ಹಾನಿಯ ಬಗ್ಗೆ ಏಳು ದಿನದೊಳಗೆ ಲಿಖಿತ ದೂರು ಬಂದಿಲ್ಲ, ಪರಿಹಾರ ಇಲ್ಲ. "ಸಾರ್, ಚೀಟಿ ಇದೆಯಲ್ಲ?" ಎಂದು ಕೇಳಿದ. ಚೀಟಿ ಇತ್ತು, ನಿಜ. ಅದರಲ್ಲಿ ಬರೆದದ್ದು ಪೆಟ್ಟಿಗೆ ಬಂದಿಲ್ಲ ಎಂದು. ಪೆಟ್ಟಿಗೆ ಒಡೆದಿದೆ ಎಂದಲ್ಲ.

ಇವರೆಲ್ಲ ಬಿದ್ದ ಹೊಂಡ ಇದೊಂದೇ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ನಿಮ್ಮ ಲಗೇಜಿನ ಹಕ್ಕು ನಿಂತಿರುವುದು 1999ರ ಮಾಂಟ್ರಿಯಲ್ ಒಪ್ಪಂದದ ಮೇಲೆ. ಭಾರತದಲ್ಲಿ ಅದು 2009ರ ಜೂನ್ 30ರಿಂದ ಜಾರಿಯಲ್ಲಿದೆ, 1972ರ ಕ್ಯಾರೇಜ್ ಬೈ ಏರ್ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸೇರಿದೆ. ಅದಾದ ಮುಂದಿನ ವರ್ಷವೇ, 2010ರ ಮೇ 22ರಂದು, ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ಕಮರಿಗೆ ಬಿದ್ದು 158 ಜನ ಸತ್ತರು. ಕರಾವಳಿಯ, ಕಾಸರಗೋಡಿನ ಕುಟುಂಬಗಳು ಪರಿಹಾರಕ್ಕೆ ನ್ಯಾಯಾಲಯ ಅಲೆದದ್ದು ಇದೇ ಒಪ್ಪಂದವನ್ನು ಹಿಡಿದು. ಜೀವದ ಲೆಕ್ಕಕ್ಕೂ ಸೈಕಲಿನ ಲೆಕ್ಕಕ್ಕೂ ಒಂದೇ ಪುಸ್ತಕ, ಕಲಮುಗಳು ಮಾತ್ರ ಬೇರೆ.

ಆ ಪುಸ್ತಕದ 31ನೇ ಕಲಮನ್ನು ನೆನಪಿಡಿ. ಹಾನಿಯಾಗಿದ್ದರೆ ಲಗೇಜು ಕೈಗೆ ಬಂದ ದಿನದಿಂದ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ತಡವಾಗಿ ಬಂದಿದ್ದರೆ, ಕೈಗೆ ಸಿಕ್ಕ ದಿನದಿಂದ 21 ದಿನ. ತಡವಾಗಿ ಬಂದು ಒಡೆದೂ ಇದ್ದರೆ ಎರಡು ದೂರು. ಒಂದರ ಚೀಟಿ ಇನ್ನೊಂದಕ್ಕೆ ನಡೆಯುತ್ತದೆ ಎಂದು ನಂಬಿ ಕೂರಬೇಡಿ. ಪೆಡಲ್, ಹೆಲ್ಮೆಟ್, ಲೈಟು ಮಾಯವಾಗಿ ಪೆಟ್ಟಿಗೆ ಮಾತ್ರ ಬಂದಿದ್ದರೂ 7 ದಿನದ ಲೆಕ್ಕವನ್ನೇ ಪಾಲಿಸಿ. ದಿನ ಎಂದರೆ ಕ್ಯಾಲೆಂಡರ್ ದಿನ, ಶನಿವಾರ ಭಾನುವಾರವೂ ಸೇರಿ. ವರ್ಕಿಂಗ್ ಡೇ ಎಣಿಸುವ ಕಂಪನಿ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ದೂರು ತಪ್ಪಿದರೆ, ಏರ್‌ಲೈನಿನ ಕಡೆಯಿಂದ ಮೋಸ ನಡೆದದ್ದನ್ನು ತೋರಿಸದ ಹೊರತು, ದಾವೆಯೇ ನಿಲ್ಲುವುದಿಲ್ಲ.

ಸಮಾಧಾನದ ಸಂಗತಿಯೂ ಇದೆ. ಆ ಅವಧಿಯೊಳಗೆ ದೂರು ಕಳುಹಿಸಿದರೆ ಸಾಕು, ಅವರು ಓದಿ ಉತ್ತರಿಸಬೇಕಿಲ್ಲ. ಹೋಟೆಲ್ ಕೋಣೆಯಲ್ಲಿ ಕುಳಿತು ವಿಮಾನದ ಸಂಖ್ಯೆ, ದಿನಾಂಕ, ಬ್ಯಾಗೇಜ್ ಟ್ಯಾಗ್ ಸಂಖ್ಯೆ, ಏನು ಮುರಿದಿದೆ, ಪರಿಹಾರ ಕೇಳುತ್ತೇನೆ ಎಂದು ಐದು ಸಾಲು ಬರೆದು, ಫೋಟೊ ಲಗತ್ತಿಸಿ ಏರ್‌ಲೈನಿನ ದೂರು ವಿಳಾಸಕ್ಕೆ ಕಳಿಸಿ. ಮೊತ್ತ ಗೊತ್ತಿಲ್ಲದಿದ್ದರೆ ಬಿಲ್ಲು ಆಮೇಲೆ ಕೊಡುತ್ತೇನೆ ಎನ್ನಿ. ಫೋನಿನಲ್ಲಿ ಹೇಳಿದ್ದು, ಚಾಟ್ ಕಿಟಕಿಯಲ್ಲಿ ಯಂತ್ರದ ಜೊತೆ ಜಗಳವಾಡಿದ್ದು ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಕೊರಿಯರ್‌ನವನ ಹಾಳೆಗೆ ಸಹಿ ಹಾಕುವಾಗ "ಬಿಚ್ಚಿ ನೋಡಿಲ್ಲ" ಎಂದು ಪಕ್ಕದಲ್ಲಿ ಬರೆಯಿರಿ. ಆಕ್ಷೇಪವಿಲ್ಲದೆ ಪಡೆದ ಸಾಮಾನು ಸುಸ್ಥಿತಿಯಲ್ಲೇ ಬಂದಿದೆ ಎಂದು ಮೊದಲ ನೋಟಕ್ಕೆ ಭಾವಿಸುವುದು ಅದೇ 31ನೇ ಕಲಮು.

ಹೊರಡುವ ದಿನದ ಎಚ್ಚರಿಕೆ ಇನ್ನೂ ಕೆಲವಿವೆ. ಪ್ಯಾಕ್ ಮಾಡುವ ಮುಂಚೆ ಸೈಕಲಿನ ಫೋಟೊ, ಮುಚ್ಚಿದ ಪೆಟ್ಟಿಗೆಯ ನಾಲ್ಕೂ ಕಡೆಯ ಫೋಟೊ ತೆಗೆದಿಡಿ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕು ಪೆಟ್ಟಿಗೆಯೊಳಗೆ ಬೇಡ, ಕೈಚೀಲಕ್ಕೆ. ಇಲ್ಲದಿದ್ದರೆ ಪೆಟ್ಟಿಗೆಯನ್ನು ಭದ್ರತೆಯವರೇ ಬಿಚ್ಚುತ್ತಾರೆ, ಮತ್ತೆ ಹೇಗೆ ಮುಚ್ಚುತ್ತಾರೆಂಬುದು ಅವರಿಗೇ ಗೊತ್ತು. ದುಬಾರಿ ಸೈಕಲಾದರೆ ಚೆಕ್-ಇನ್‌ಗೆ ಮೊದಲು ಕಸ್ಟಮ್ಸ್‌ನಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ವಾಪಸ್ ಬರುವಾಗ ನಿಮ್ಮದೇ ಸೈಕಲಿಗೆ ಸುಂಕ ಕೇಳಿದರೆ ತೋರಿಸಲು ಬೇಕು. ಅದನ್ನು ಕೊಡುವ ಅಧಿಕಾರಿಗಾಗಿ ನಡುರಾತ್ರಿ ಹುಡುಕಾಡಿದ ಕಕ್ಷಿದಾರರಿದ್ದಾರೆ. ಆದ್ದರಿಂದ ಬೇಗ ಹೋಗಿ. ಬೊಮ್ಮನಹಳ್ಳಿಗೂ ದೇವನಹಳ್ಳಿಗೂ ಊರಿನ ಈ ತುದಿ ಆ ತುದಿ, ನಡುವೆ ಸಿಲ್ಕ್ ಬೋರ್ಡ್ ಬೇರೆ.

ಕೌಂಟರಿನಲ್ಲಿ "ಲಿಮಿಟೆಡ್ ರಿಲೀಸ್" ಎಂಬ ಚೀಟಿಗೆ ಸಹಿ ಕೇಳುತ್ತಾರೆ, ಏನಾದರೂ ಆದರೆ ನಾವು ಹೊಣೆಯಲ್ಲ ಎಂಬ ಅರ್ಥದ್ದು. ಸಹಿ ಹಾಕದಿದ್ದರೆ ಪೆಟ್ಟಿಗೆ ತೆಗೆದುಕೊಳ್ಳುವುದಿಲ್ಲ ಎಂದು ಗದರುತ್ತಾರೆ. ಹಾಕಿ. ಒಪ್ಪಂದದ ಹೊಣೆಯನ್ನು ಕಳಚಿಕೊಳ್ಳುವ ಷರತ್ತು ಅಸಿಂಧು ಎನ್ನುತ್ತದೆ 26ನೇ ಕಲಮು. ಹಾಗೆಂದು ಹಳೆಯ ಟಿವಿ ಡಬ್ಬದಲ್ಲಿ ಸೈಕಲ್ ತುರುಕಬೇಡಿ. ಸಾಮಾನಿನದೇ ದೋಷದಿಂದ ಆದ ಹಾನಿಗೆ ಅವರು ಹೊಣೆಯಲ್ಲ, ಆ ವಾದಕ್ಕೆ ಜೀವ ಕೊಡುವವರು ನೀವಾಗಬೇಡಿ.

ಹಣದ ಮಿತಿಯೂ ಇದೆ. 2024ರ ಡಿಸೆಂಬರ್ 28ರಿಂದ ಒಪ್ಪಂದದ ಮಿತಿ ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್. ಇದು ಐಎಂಎಫ್‌ನ ಲೆಕ್ಕದ ನಾಣ್ಯ, ದರ ದಿನವೂ ಬದಲಾಗುತ್ತದೆ. ನಮ್ಮ ಹಣದಲ್ಲಿ ಒಂದೂಮುಕ್ಕಾಲು ಲಕ್ಷ ರೂಪಾಯಿಯ ಆಸುಪಾಸು ಎಂದಿಟ್ಟುಕೊಳ್ಳಿ. ಹಳೆಯ 1,288ರ ಅಂಕಿ ಹಿಡಿದು ಉತ್ತರ ಬಂದರೆ ಅಲ್ಲಿಗೇ ಒಪ್ಪಬೇಡಿ. ಅದು ಗರಿಷ್ಠ ಮಿತಿ. ಸಿಗುವುದು ನಿಮ್ಮ ನಿಜವಾದ ನಷ್ಟ ಮಾತ್ರ. ಮೂರು ಲಕ್ಷದ ಸೈಕಲಾದರೆ ಚೆಕ್-ಇನ್ ವೇಳೆ ಹೆಚ್ಚಿನ ಬೆಲೆ ಘೋಷಿಸಿ, ಅವರು ಕೇಳಿದ ಶುಲ್ಕ ಕಟ್ಟಿ ಮಿತಿ ಏರಿಸಿಕೊಳ್ಳಲು ಅವಕಾಶವಿದೆ. ಕೌಂಟರಿನ ಹುಡುಗಿ "ಅಂಥದ್ದೇನೂ ಇಲ್ಲ ಸರ್" ಎನ್ನುವ ಸಂಭವವೇ ಹೆಚ್ಚು. ಅವಳ ತಪ್ಪಲ್ಲ, ಯಾರೂ ಕಲಿಸಿಲ್ಲ. ಮೊದಲೇ ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಂಡು ಹೋಗಿ. ಪೆಟ್ಟಿಗೆ ತಡವಾಗಿ, ಬಾಡಿಗೆ ಸೈಕಲ್, ಬಟ್ಟೆ ತೆಗೆದುಕೊಂಡಿದ್ದರೆ ಪ್ರತಿ ಬಿಲ್ಲೂ ಬೇಕು. 21 ದಿನವಾದರೂ ಬರದಿದ್ದರೆ ಕಳೆದುಹೋದಂತೆಯೇ ಎಂದು ಹಕ್ಕು ಸಾಧಿಸಬಹುದು.

ವಿಮಾನ ಬದಲಿಸಿ ಹೋದವರನ್ನು "ಒಡೆದದ್ದು ನಮ್ಮಲ್ಲಲ್ಲ, ಅವರನ್ನು ಕೇಳಿ" ಎಂದು ಚೆಂಡಾಡುತ್ತಾರೆ. ಒಂದೇ ಟಿಕೆಟ್ಟಿನ ಪ್ರಯಾಣವಾದರೆ ಮೊದಲ ಏರ್‌ಲೈನು, ಕೊನೆಯದು, ಹಾನಿ ಮಾಡಿದ್ದು ಮೂರರಲ್ಲಿ ಯಾವುದನ್ನಾದರೂ ಹಿಡಿಯಬಹುದು. ಅಗ್ಗ ಎಂದು ಎರಡು ಬೇರೆ ಟಿಕೆಟ್ ಮಾಡಿಸಿಕೊಟ್ಟ ಏಜೆಂಟು ಈ ವಿಷಯ ನಿಮಗೆ ಹೇಳಿರುವುದಿಲ್ಲ.

ಏರ್‌ಲೈನು ಕೈಯೆತ್ತಿದರೆ ಕೇಂದ್ರದ ಏರ್‌ಸೇವಾದಲ್ಲಿ ದೂರು ಹಾಕಿ. ಕೆಲವೊಮ್ಮೆ ಅಷ್ಟಕ್ಕೇ ಬಗ್ಗುತ್ತಾರೆ. ಕೆಲವೊಮ್ಮೆ ಏರ್‌ಲೈನಿನ ಅದೇ ಉತ್ತರವನ್ನು ಅಂಟಿಸಿ "ಪರಿಹರಿಸಲಾಗಿದೆ" ಎಂದು ಮುಚ್ಚುತ್ತಾರೆ, ಓದಿದರೆ ಮೈ ಉರಿಯುತ್ತದೆ. ಆಗ ಉಳಿಯುವುದು ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇ-ಜಾಗೃತಿಯಲ್ಲಿ ಮನೆಯಿಂದಲೇ. ನೀವು ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಇಮೇಲ್, ವಾಟ್ಸ್ಆ್ಯಪ್ ಪ್ರತಿಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇಡಿ, ಎದುರು ವಕೀಲರ ಬಾಯಿ ಮುಚ್ಚಿಸಲು. "ವಿಮಾನದ ವ್ಯಾಜ್ಯ ಗ್ರಾಹಕರ ಆಯೋಗಕ್ಕೆ ಬರುವುದಿಲ್ಲ" ಎಂಬ ಹಳೇ ರಾಗಕ್ಕೆ ಸುಪ್ರೀಂ ಕೋರ್ಟ್ 2011ರಲ್ಲೇ ಉತ್ತರ ಕೊಟ್ಟಿದೆ. ವಿದೇಶಿ ಸರ್ಕಾರದ ಏರ್‌ಲೈನೂ ಗ್ರಾಹಕ ದೂರಿನಿಂದ ತಪ್ಪಿಸಿಕೊಳ್ಳಲಾಗದು ಎಂದು ಅದೇ ವರ್ಷ ಇಥಿಯೋಪಿಯನ್ ಏರ್‌ಲೈನ್ಸ್ ಪ್ರಕರಣದಲ್ಲಿ ಹೇಳಿದೆ.

ಒಂದು ಅಪವಾದ. ದಾವೆ ಎಲ್ಲಿ ಹೂಡಬಹುದು ಎಂಬುದಕ್ಕೆ ಒಪ್ಪಂದ ತನ್ನದೇ ಜಾಗಗಳ ಪಟ್ಟಿ ಇಟ್ಟುಕೊಂಡಿದೆ, ಗಮ್ಯಸ್ಥಾನ ಅದರಲ್ಲೊಂದು. ಹೋಗಿ ಬರುವ ಟಿಕೆಟಾದರೆ ಗಮ್ಯಸ್ಥಾನ ಬೆಂಗಳೂರೇ. ಒಂದು ಕಡೆಯ ಟಿಕೆಟ್ ಆಗಿದ್ದು, ಅದನ್ನೂ ವಿದೇಶಿ ಜಾಲತಾಣದಲ್ಲಿ ಕೊಂಡಿದ್ದರೆ ಏರ್‌ಲೈನು ಇಲ್ಲಿನ ಅಧಿಕಾರವ್ಯಾಪ್ತಿಯನ್ನೇ ಪ್ರಶ್ನಿಸಿ ವರ್ಷ ಕಳೆಯುತ್ತದೆ. ದಾವೆಗೆ ಇರುವುದು ಎರಡೇ ವರ್ಷ, ಅದು ವಿಮಾನ ಇಳಿದ ದಿನದಿಂದ. ಏರ್‌ಲೈನಿನ ಜೊತೆ ಇಮೇಲ್ ಆಡುತ್ತ ಕುಳಿತರೂ ಆ ಗಡಿಯಾರ ನಿಲ್ಲದು.

"ಪರಿಹಾರ ಕೊಡಿಸುತ್ತೇವೆ, ಮೂವತ್ತು ಪರ್ಸೆಂಟ್ ನಮಗೆ" ಎನ್ನುವ ದಲ್ಲಾಳಿಗಳೂ ಹುಟ್ಟಿಕೊಂಡಿದ್ದಾರೆ. ಅವರು ತುಂಬುವುದು ನೀವೇ ತುಂಬಬಹುದಾದ ಅದೇ ಫಾರಂ. ಇನ್ನು ಏರ್‌ಲೈನೇ ಒಂದು ದಿನ ಸಿಹಿಮಾತಿನ ಜೊತೆ ಹತ್ತು ಸಾವಿರದ ಟ್ರಾವೆಲ್ ವೋಚರ್ ಕಳಿಸುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಎಂದಿದೆಯೇ ನೋಡಿ. ಇದ್ದರೆ ಒಪ್ಪಿಗೆಯ ಗುಂಡಿ ಒತ್ತುವ ಮುಂಚೆ ಫ್ರೇಮಿನ ಬೆಲೆ ಎಷ್ಟೆಂದು ಅಂಗಡಿಯವನಿಂದ ಬರೆಸಿಕೊಂಡು ಬನ್ನಿ.